ಕೊರೆಯುವುದೆಂಬ ಮಾತು

ನಮ್ಮ ಶಾಲೆಯ ಸಂಚಿಕೆಗೆ ನಾಲ್ಕು ಮಾತು ಬರೆಯಬೇಕೆಂದು ಅಪ್ಪಣೆಯಾದಾಗ ನಮಗೆ ಮೊದಲು ನೆನಪಾದುದು ಇಂಗ್ಲಿಷ್ ಪಾಠದ ಒಂದು ದಿನ. ಉಪಾಧ್ಯಾಯಿನಿಯವರು ಕರಿಹಲಗೆಯ ಮೇಲೆ 'ಬೋರ್' ಎಂಬ ಕ್ರಿಯಾಪದವನ್ನು ಬರೆದು ಅರ್ಥವನ್ನು ಕೇಳಿದರು. ಪಟ್ಟಣದ ಹುಡುಗಿಯರು 'ಬೇಸರ ತರಿಸುವುದು' ಎಂದರು. ಮಸ್ಕಿಯ ಕಡೆಯ ಹಳ್ಳಿಯಿಂದ ಬಂದ ಅಕ್ಕತಂಗಿಯರಾದ ನಾವು ಮಾತ್ರ 'ನೀರಿಗಾಗಿ ನೆಲಕ್ಕೆ ತೂತು ಹಾಕುವುದು' ಎಂದೆವು. ಎಲ್ಲರೂ ನಕ್ಕರು. ಉಪಾಧ್ಯಾಯಿನಿಯವರು ನಗಲಿಲ್ಲ, ಇದೇ ಮೂಲಾರ್ಥವೆಂದು ಹೇಳಿದರು.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಈ ಪದವು 'ಬೋರಿಯನ್' ಎಂದಿದ್ದಿತು. ಜರ್ಮನರು ಇಂದಿಗೂ 'ಬೋರೆನ್' ಎನ್ನುತ್ತಾರೆ. ಲ್ಯಾಟಿನ್ ಭಾಷೆಯ 'ಫೊರಾರೆ' ಇದೇ ಬಳಗದ್ದು. ಅದಕ್ಕೆ 'ಆರಪಾರ' ಎಂಬರ್ಥದ 'ಪೆರ್' ಸೇರಿ 'ಪರ್ಫೊರೇಟ್' ಎಂಬ ಮಾತಾಯಿತು. ಅಂಚೆಚೀಟಿಗಳನ್ನು ಬಿಡಿಸಲು ಅಂಚಿನುದ್ದಕ್ಕೂ ಸಾಲಾಗಿ ರಂಧ್ರ ಮಾಡುವುದಕ್ಕೆ ಆ ಮಾತೇ ಸಲ್ಲುತ್ತದೆ. ನಮ್ಮ 'ಕೊರೆ' ಎಂಬುದು ಕಿವಿಗೆ 'ಬೋರ್'ನಂತೆ ಕೇಳಿದರೂ ಅದರ ನೆಂಟನಲ್ಲ. ಅದು ದ್ರಾವಿಡ ಮನೆತನದ ಮಾತು, ವಿಸ್ತಾರದಲ್ಲಿಯೂ ದೊಡ್ಡದು. ಬಡಗಿಯು ಬೈರಿಗೆಯಿಂದ ಮರವನ್ನು ಕೊರೆಯುವನು, ಮಾಗಿಯ ಚಳಿಯು ಮೈಯನ್ನು ಕೊರೆಯುವುದು, ಕಲ್ಲುಕುಟಿಗನು ಅಕ್ಷರವನ್ನು ಕೊರೆಯುವನು. ನಮ್ಮ ಮಸ್ಕಿಯ ಬೆಟ್ಟದಲ್ಲಿ ಅಶೋಕನ ಹೆಸರನ್ನೇ ಕೊರೆದ ಶಾಸನವು 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರರಿಗೆ ದೊರೆಯಿತು. 'ದೇವಾನಾಂಪ್ರಿಯ'ನೆಂದರೆ ಅಶೋಕನೇ ಎಂಬುದು ಅದರಿಂದ ದೃಢವಾಯಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿಯೋ ಚಿನ್ನಕ್ಕಾಗಿ ಇಂದಿಗೂ ಬಂಡೆಯನ್ನು ಕೊರೆಯುತ್ತಿದ್ದಾರೆ.

ನಮ್ಮ ಜನರು 'ಬೋರು ಕೊರೆಸುವುದು' ಎನ್ನುತ್ತಾರೆ. ಒಂದೇ ಅರ್ಥವನ್ನು ಎರಡು ಭಾಷೆಗಳಲ್ಲಿ ಎರಡು ಸಲ ಹೇಳಿದಂತಾಯಿತಲ್ಲವೇ? ನಮ್ಮ ಸೀಮೆಯ ಕಲ್ಲಿಗೆ ಒಂದು ಸಲ ಹೇಳಿದರೆ ಸಾಲದು. ಅಲ್ಲಿ ನೀರು ಇರುವುದು ಬಂಡೆಯ ಬಿರುಕುಗಳಲ್ಲಿ; ಬಿರುಕು ಸಿಕ್ಕಿದರೆ ಗಂಗೆ, ತಪ್ಪಿದರೆ ಬರಿಯ ಬಿಳಿಯ ಧೂಳು.

ಅಂದು ತರಗತಿಯಲ್ಲಿ ನಾವು ಹೇಳದೆ ಉಳಿಸಿಕೊಂಡ ಮಾತೊಂದಿತ್ತು. ಅದರ ಹಿಂದಿನ ಬೇಸಿಗೆಯಲ್ಲಿ ಅಪ್ಪನು ಸಾಲ ಮಾಡಿ ಕೊರೆಸಿದ ಬೋರಿನಲ್ಲಿ ಧೂಳೇ ಬಂದಿತ್ತು. ಸಿಂಧನೂರಿನ ಕಡೆಗೆ ತುಂಗಭದ್ರೆಯ ಎಡದಂಡೆಯ ಕಾಲುವೆಯುಂಟು. ನಮ್ಮ ಹೊಲಕ್ಕೆ ಆ ನೀರು ಏರದು. ಅವ್ವನ ಓಲೆಗಳನ್ನು ಮಾರಿ ಇನ್ನೊಂದು ಬೋರು ಹಾಕಿಸುವುದೆಂದೂ, ನಮ್ಮನ್ನು ಶಾಲೆ ಬಿಡಿಸಿ ಸಿಂಧನೂರಿಗೆ ಭತ್ತದ ನಾಟಿಗೆ ಕಳುಹಿಸುವುದೆಂದೂ ಅಪ್ಪನು ನಿಶ್ಚಯಿಸಿದ್ದನು. ಅವ್ವ ಓಲೆಗಳನ್ನು ಬಿಚ್ಚಿ ಕೊಟ್ಟಳು. 'ಕಲ್ಲು ಕೊರೆದದ್ದು ಸಾಕು. ಇದು ಹುಡುಗಿಯರ ಫೀಜಿಗೆ' ಎಂದಳು. ಅಪ್ಪನು ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ತಾನೇ ನಮ್ಮ ಟ್ರಂಕನ್ನು ಬಸ್ಸಿಗೇರಿಸಿದನು.

ಅವ್ವ ಓದಿದವಳಲ್ಲ. ಕಿವಿಯ ತೂತುಗಳು ಮುಚ್ಚಿಹೋಗದಿರಲೆಂದು ಬೇವಿನ ಕಡ್ಡಿಗಳನ್ನು ಸಿಕ್ಕಿಸಿಕೊಂಡಳು. ಕೇಳಿದವರಿಗೆಲ್ಲ 'ಓಲೆ ಶಾಲೆಗೆ ಹೋಗಿವೆ, ಬರುತ್ತವೆ' ಎನ್ನುತ್ತಿದ್ದಳು.

ನಮ್ಮ ಮೊದಲ ಸಂಬಳಗಳನ್ನು ಕೂಡಿಸಿ ಓಲೆಗಳನ್ನು ತಂದಾಗ ಆ ಕಡ್ಡಿಗಳು ಹಾಗೆಯೇ ಇದ್ದವು. ತೂತುಗಳು ಮುಚ್ಚಿರಲಿಲ್ಲ. ಮಗಳ ಓದಿಗೆ ಏನನ್ನು ಮಾರುವುದೆಂದು ಈ ವರ್ಷವೂ ಯೋಚಿಸುತ್ತಿರುವ ತಾಯಿತಂದೆಗಳು ಇದನ್ನು ಓದಲೆಂಬುದೇ ನಮ್ಮ ಬಿನ್ನಹ.