ಕೆನ್ನಾಯಿಯ ಹಿಂದೆ ಹೋದವರು

ಮಕ್ಕಳೇ, ದೊಡ್ಡವರಾದ ಮೇಲೆ ಏನಾಗುತ್ತೀರಿ ಎಂದರೆ ನಿಮ್ಮಲ್ಲಿ ಹೆಚ್ಚಿನವರು ಡಾಕ್ಟರ್, ಎಂಜಿನಿಯರ್ ಎನ್ನುತ್ತೀರಿ. ನಮ್ಮ ಮೊಮ್ಮಗಳು ಮಾತ್ರ 'ಸಾಕ್ಷ್ಯಚಿತ್ರ ಮಾಡ್ತೀನಿ ಮುತ್ಯಾ' ಅಂದಳು. 'ಅದರಾಗ ಹೊಟ್ಟಿ ತುಂಬತದೇನು?' ಎಂದು ಅವಳ ಆಯಿ ಕೇಳಿದಳು. ಇಬ್ಬರನ್ನೂ ಕೂಡಿಸಿಕೊಂಡು ನಾನು ಮೈಸೂರಿನ ಕೃಪಾಕರ ಮತ್ತು ಸೇನಾನಿಯವರ ವಿಷಯ ಹೇಳಿದೆ.

ಸಿನಿಮಾದಲ್ಲಿ ಕಥೆ ಬರೆದು ನಟರಿಂದ ಆಡಿಸುತ್ತಾರೆ. ಸಾಕ್ಷ್ಯಚಿತ್ರದಲ್ಲಿ ನಡೆದದ್ದನ್ನೇ ತೋರಿಸಬೇಕು. ಅದು ನಡೆಯುವ ತನಕ ಕಾಯಬೇಕು. ಈ ಗೆಳೆಯರು ಕಾದದ್ದು ಕೆನ್ನಾಯಿಗಳಿಗಾಗಿ.

ಕೆನ್ನಾಯಿ ಎಂದರೆ ಹಿಂದಿನವರಿಗೆ ಆಗುತ್ತಿರಲಿಲ್ಲ. ಜೀವಂತ ಜಿಂಕೆಯನ್ನೇ ಹರಿದು ತಿನ್ನುವ ಕ್ರೂರ ಪ್ರಾಣಿ ಎಂದು ಬ್ರಿಟಿಷರ ಕಾಲದಲ್ಲಿ ಅದನ್ನು ಕೊಂದವರಿಗೆ ಬಹುಮಾನವೂ ಸಿಗುತ್ತಿತ್ತು. ಕೃಪಾಕರ-ಸೇನಾನಿ ವರ್ಷಗಟ್ಟಲೆ ಅವುಗಳ ಹಿಂದೆ ಅಲೆದು ಅವುಗಳ ಸಂಸಾರವನ್ನೇ ಚಿತ್ರಿಸಿದರು. ಕೆನ್ನಾಯಿ ಬೊಗಳುವುದಕ್ಕಿಂತ ಹೆಚ್ಚಾಗಿ ಸಿಳ್ಳೆ ಹಾಕಿ ಒಂದನ್ನೊಂದು ಕರೆಯುತ್ತದೆ. ಒಂದು ತಾಯಿಯ ಮರಿಗಳನ್ನು ಇಡೀ ಗುಂಪು ಸಾಕುತ್ತದೆ. ಬೇಟೆಯ ಹತ್ತಿರ ಮರಿಗಳಿಗೇ ಮೊದಲ ತುತ್ತು. ಇದನ್ನು ಕೇಳಿ ಆಯಿ, 'ನಮ್ಮ ಮನ್ಯಾಗಿನಂಗೇ ಅದಲ್ಲ!' ಅಂದಳು.

ಈ ದಾರಿ ಸುಲಭದ್ದಲ್ಲ. 1997ರಲ್ಲಿ ವೀರಪ್ಪನ್ ಇವರಿಬ್ಬರನ್ನೂ ಅಪಹರಿಸಿ 14 ದಿನ ಕಾಡಿನಲ್ಲಿ ಇಟ್ಟುಕೊಂಡಿದ್ದ. ಬಿಡುಗಡೆಯಾದ ಮೇಲೂ ಅವರು ಕಾಡನ್ನು ಬಿಡಲಿಲ್ಲ. ಅವರ 'ದ ಪ್ಯಾಕ್' ಚಿತ್ರಕ್ಕೆ 2010ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 'ಗ್ರೀನ್ ಆಸ್ಕರ್' ಎಂದೇ ಹೆಸರಾದ ಪ್ರಶಸ್ತಿ ಬಂತು.

ತಿಂಗಳ ಕೊನೆಗೆ ಸಂಬಳ ಬರುವ ಕೆಲಸ ಇದಲ್ಲ ಎಂದು ಮೊಮ್ಮಗಳಿಗೆ ಸ್ಪಷ್ಟವಾಗಿಯೇ ಹೇಳಿದೆ. ಒಂದು ಚಿತ್ರಕ್ಕೆ ವರ್ಷಗಳೇ ಹಿಡಿಯಬಹುದು. ಓದೂ ಬೇಕು, ತಾಳ್ಮೆಯೂ ಬೇಕು. ಆದರೆ ಕಲಿಯುವುದಕ್ಕೆ ಈಗಲೇ ಕ್ಯಾಮೆರಾ ಬೇಕಿಲ್ಲ.

ನಮ್ಮ ವನದುರ್ಗದ ಹೆಸರಿನಲ್ಲಿ ವನವಿದೆ, ಸುರಪುರದ ನಾಯಕರ ಕಾಲದ ಕೋಟೆಯಿದೆ. ಹತ್ತಿರದಲ್ಲೇ ಬೋನಾಳ ಕೆರೆಯ ಪಕ್ಷಿಧಾಮವಿದೆ. ಅಷ್ಟು ದೂರವೂ ಬೇಡ. ನಮ್ಮ ಹಿತ್ತಲ ಮರದಲ್ಲಿ ಜೋಡಿ ಗೂಬೆಗಳಿವೆ. ಅಪಶಕುನ ಎಂದು ಓಣಿಯ ಹುಡುಗರು ಅವಕ್ಕೆ ಕಲ್ಲು ಹೊಡೆಯುತ್ತಾರೆ. ಮೊಮ್ಮಗಳು ಹದಿನೈದು ದಿನದಿಂದ ಸಂಜೆ ಕೂತು ಅವುಗಳನ್ನು ನೋಡಿ ಬರೆದುಕೊಳ್ಳುತ್ತಿದ್ದಾಳೆ. ಒಂದು ಸಂಜೆ ಗೂಬೆ ಇಲಿ ಹಿಡಿದು ತಂದದ್ದನ್ನು ಕಲ್ಲು ಹೊಡೆಯುವ ಹುಡುಗರಿಗೂ ತೋರಿಸಿದಳು. ಜೋಳದ ಚೀಲ ಕಡಿಯುವ ಇಲಿ ಅದು. ಆ ಹುಡುಗರಲ್ಲಿ ಇಬ್ಬರು ಈಗ ಅವಳ ಪಕ್ಕದಲ್ಲೇ ಕೂಡುತ್ತಾರೆ.

ಅಜ್ಜ-ಅಜ್ಜಿಯರೇ, ನಿಮ್ಮ ಮೊಮ್ಮಕ್ಕಳ ಜೊತೆಗೂ ಒಂದು ಸಂಜೆ ಹೀಗೆ ಕೂತು ನೋಡಿ.