ಟೈಲ್ಸಿನ ಮೇಲೆ ಹತ್ತಿ ಹೂವು

ನಮ್ಮ ಗಟ್ಟಿನ ಕಡೆ ಮಕ್ಕಳನ್ನು ಒಂದು ಕಡೆ ಕೂಡಿಸಬೇಕೆಂದರೆ ಮೊದಲು ಹತ್ತಿ ಹೊಲದ ವೇಳೆ ನೋಡಬೇಕು. ಬೀಜದ ಹತ್ತಿಯಲ್ಲಿ ಸಂಜೆ ಮೊಗ್ಗು ಬಿಡಿಸಿ ಕೇಸರ ತೆಗೆಯುತ್ತಾರೆ. ಮರುದಿನ ಬೆಳಿಗ್ಗೆ ಬೇರೆ ತಳಿಯ ಗಂಡು ಹೂ ತಂದು ಅದಕ್ಕೆ ಪರಾಗ ಮುಟ್ಟಿಸುತ್ತಾರೆ. ಊರಲ್ಲಿ ಇದಕ್ಕೆ ಕ್ರಾಸಿಂಗ್ ಅಂತಾರೆ. ಒಂದೊಂದು ಹೂವಿಗೂ ಕೈಯಿಂದಲೇ ಆಗಬೇಕು. ಸಣ್ಣ ಬೆರಳು, ಗಿಡದಷ್ಟೇ ಎತ್ತರ, ಕೂಲಿಯೂ ಕಡಿಮೆ; ಹಿಂಗಾಗಿ ಎಲ್ಲರ ಕಣ್ಣು ಮಕ್ಕಳ ಮೇಲೆ. 14 ವರ್ಷದೊಳಗಿನವರನ್ನು ದುಡಿಸಬಾರದು ಅಂತ 2016ರಲ್ಲಿ ಕಾನೂನು ಬಿಗಿ ಮಾಡಿದರು. ಆದರೆ ಶಾಲೆ ಬಿಟ್ಟ ಮೇಲೆ ಮನೆಯವರಿಗೆ ನೆರವಾಗಬಹುದು ಅನ್ನೋ ಸಂದು ಉಳೀತು. ಆ ಸಂದಿನಲ್ಲಿ ಎಷ್ಟು ಮಕ್ಕಳು ನುಸುಳುತ್ತಾರೆ ಅನ್ನೋದು ಓದುವ ಮೇಷ್ಟ್ರುಗಳಿಗೇ ಗೊತ್ತು.

ಹಾಗಾಗಿ ಓದುಮನೆಯ ಗೋಡೆಗೆ ಮಕ್ಕಳಿಂದ ಟೈಲ್ಸ್ ಬರೆಸುವ ಕೆಲಸ ನನ್ನ ಪಾಲಿಗೆ ಬಂದಾಗ ಭಾನುವಾರ ನಡುಮಧ್ಯಾಹ್ನವೇ ಗೊತ್ತಾಯಿತು. ಮನೆ ಕಟ್ಟಿಸಿದವರ ಹತ್ತಿರ ಉಳಿದಿದ್ದ ಬಿಳಿ ಟೈಲ್ಸು ತಂದೆವು. ಹೊಳೆಯುವ ಮೈಗೆ ಬಣ್ಣ ನಿಲ್ಲುವುದಿಲ್ಲ ಅಂತ ಗೌಂಡಿ ಮೊದಲೇ ಹೇಳಿದ್ದ. ಮರಳು ಕಾಗದದಿಂದ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಎಣ್ಣೆ ಬಣ್ಣ ಹಚ್ಚಿ ಒಣಗಲು ಬಿಟ್ಟೆವು. ಪಟ್ಟಣದಲ್ಲಾದರೆ ಬರೆದ ಟೈಲ್ಸನ್ನು ಸುಮಾರು 800 ಡಿಗ್ರಿ ಕಾವಿನ ಭಟ್ಟಿಯಲ್ಲಿ ಸುಡುತ್ತಾರೆ. ನಮ್ಮಲ್ಲಿ ಭಟ್ಟಿ ಎಲ್ಲಿಯದು? ಮಳೆ ಹೊಡೆಯದ ಜಗಲಿ ಗೋಡೆಯನ್ನೇ ಆರಿಸಿದೆವು.

ಗದ್ವಾಲ ಕೋಟೆ ಬರೆದವರಿದ್ದರು. ನೇಕಾರರ ಮನೆಯ ಹುಡುಗನೊಬ್ಬ ಗದ್ವಾಲ ಸೀರೆ ಬರೆದ. ಹತ್ತಿಯ ಒಡಲಿಗೆ ರೇಷ್ಮೆ ಅಂಚು ಕೂಡುವ ಜಾಗವನ್ನೂ ಬಿಡಲಿಲ್ಲ. ಹೆಸರು ಮಾತ್ರ ಹಲವರು ತೆಲುಗಿನಲ್ಲೇ ಬರೆದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. 1956ರವರೆಗೆ ಗದ್ವಾಲ ತಾಲ್ಲೂಕು ರಾಯಚೂರು ಜಿಲ್ಲೆಯಲ್ಲಿತ್ತು ಅಂದರೆ ಈ ಮಕ್ಕಳು ನಗುತ್ತವೆ. ಎರಡೂ ಲಿಪಿ ಅಕ್ಕ ತಂಗಿಯರಿದ್ದಂಗೆ. ತಲೆಕಟ್ಟು ತಿದ್ದಿಕೊಟ್ಟೆ, ಕೆಲವರು ಎರಡರಲ್ಲೂ ಬರೆದುಕೊಂಡರು.

ಆರನೆಯ ಈಯತ್ತೆಯ ಹುಡುಗಿಯೊಬ್ಬಳು ಒಂದೇ ಹೂವು ಬರೆದಳು. ಅರ್ಧ ಕೆನೆ ಬಣ್ಣ, ಅರ್ಧ ಗುಲಾಬಿ. ಜೊತೆಗಿದ್ದ ಮೇಷ್ಟ್ರು, ಎರಡು ಬಣ್ಣ ಯಾಕಮ್ಮ ಅಂದರು.

“ಹತ್ತಿ ಹೂವು ರೀ ಸರ್. ಅರಳಿದ ದಿನ ಕೆನಿ ಬಣ್ಣ ಇರ್ತದ, ಮರುದಿನ ಗುಲಾಬಿ ಆಗ್ತದ. ಗುಲಾಬಿ ಆತಂದ್ರ ಕ್ರಾಸಿಂಗಿಗೆ ಬರಲ್ಲ.”

ಮೇಷ್ಟ್ರು ಸುಮ್ಮನಾದರು. ಅವಳು ಹೂವಿನ ನಡುವಿನ ಕೇಸರಗಳನ್ನು ಒಂದೊಂದಾಗಿ ಇಡುತ್ತಿದ್ದಳು, ಕುಂಚದ ತುದಿ ಒಮ್ಮೆಯೂ ಅಲುಗಲಿಲ್ಲ. ಉಳಿದ ಮಕ್ಕಳ ಗೆರೆ ಅಂಕುಡೊಂಕು. ಆ ಕೈಗೆ ಅಂಥ ಹದ ಎಲ್ಲಿಂದ ಬಂತು ಅಂತ ಗೊತ್ತಿದ್ದೂ ಭೇಷ್ ಅಂದೆ. ಅನ್ನದೆ ಇರಲಿಕ್ಕೂ ಆಗುತ್ತಿರಲಿಲ್ಲ, ಅಷ್ಟು ಚೆನ್ನಾಗಿತ್ತು.

ಗೌಂಡಿ ಗೋಡೆಗೆ ಕೂಡಿಸಿದ ದಿನ ಅವಳಪ್ಪ ಬಂದ. ಹೂವಿನ ಮುಂದೆ ಬಹಳ ಹೊತ್ತು ನಿಂತು, ಇನ್ನೂ ಬರೆಸ್ತೀರೇನ್ರಿ ಅಂತ ಕೇಳಿದ. ಎದುರಿನ ಗೋಡೆ ಖಾಲಿ ಐತಿ, ಮುಂದಿನ ಭಾನುವಾರದಿಂದ ಶುರು, ಆದರೆ ಬೆಳಿಗ್ಗೆ 8 ಗಂಟೆಗೆ ಅಂದೆ. ಅದು ಪರಾಗ ಮುಟ್ಟಿಸುವ ವೇಳೆ. ಆತ ತಲೆ ಕೆರೆದುಕೊಳ್ಳುತ್ತಾ, ದೊಡ್ಡಾಳಿನ ಕೂಲಿ ಈಗ ಎಷ್ಟಾಗ್ಯದ ಅಂತ ಗೌಂಡಿಯನ್ನು ಕೇಳಿದ.