ಗೆಳೆಯನ ಮನೆಯ ದಾರಿ

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ, ಪೂರ್ವದ ಕಡಲತೀರಕ್ಕೆ ಸಮೀಪವಾಗಿ, ವೋಲ್ಡ್ಸ್ ಎಂಬ ಗುಡ್ಡಗಳ ಸಾಲೊಂದಿದೆ. ಸೀಮೆಸುಣ್ಣದ ಕಲ್ಲಿನ ಈ ಗುಡ್ಡಗಳು ಮುಗಿಲು ಮುಟ್ಟುವಂಥವಲ್ಲ. ಅಲ್ಲಿ ಜಲಪಾತಗಳಿಲ್ಲ; ಹಿಮಶಿಖರಗಳಿಲ್ಲ. ಗೋಧಿಯ ಹೊಲಗಳು, ಮುಳ್ಳುಗಿಡಗಳ ಬೇಲಿಗಳು, ಅವುಗಳ ನಡುವೆ ಏರಿಳಿಯುವ ಕಿರುದಾರಿಗಳು, ಇಷ್ಟೆ. ಚೆಲುವನ್ನರಸಿ ಹೊರಟ ಪ್ರವಾಸಿಗನು ಇಲ್ಲಿ ವಾಹನವನ್ನು ನಿಲ್ಲಿಸದೆಯೇ ಮುಂದೆ ಸಾಗಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಚಿತ್ರಕಾರ ಡೇವಿಡ್ ಹಾಕ್ನಿ ಇದೇ ಪ್ರಾಂತದ ಬ್ರಾಡ್‌ಫರ್ಡ್ ನಗರದಲ್ಲಿ 1937ರಲ್ಲಿ ಜನಿಸಿದನು. ಶಾಲಾ ಬಾಲಕನಾಗಿದ್ದಾಗ ಬೇಸಗೆಯ ರಜೆಯಲ್ಲಿ ವೋಲ್ಡ್ಸ್‌ನ ಹೊಲವೊಂದರಲ್ಲಿ ತೆನೆಯ ಸಿವುಡುಗಳನ್ನು ಒಟ್ಟುವ ಕೆಲಸವನ್ನೂ ಮಾಡಿದ್ದನು. ಆದರೆ ಕೀರ್ತಿ ಅವನನ್ನು ಅರಸಿ ಬಂದುದು ದೂರದ ಕ್ಯಾಲಿಫೋರ್ನಿಯದಲ್ಲಿ. 1964ರಲ್ಲಿ ಅಲ್ಲಿಗೆ ಹೋದ ಆತನು ಬಿಸಿಲಿನಲ್ಲಿ ಹೊಳೆಯುವ ಈಜುಕೊಳಗಳನ್ನು ಚಿತ್ರಿಸಿ ಜಗತ್ಪ್ರಸಿದ್ಧನಾದನು. ಹುಟ್ಟೂರಿನ ಸೀಮೆ ಅವನ ಕುಂಚಕ್ಕೆ ಬಹುಕಾಲ ದೂರವೇ ಉಳಿಯಿತು.

ಅವನನ್ನು ಮರಳಿ ಕರೆತಂದುದು ಒಂದು ದುಃಖ. ಜೊನಾಥನ್ ಸಿಲ್ವರ್ ಎಂಬವನು ಹಾಕ್ನಿಯ ಆಪ್ತಮಿತ್ರ. ಪಾಳುಬೀಳುತ್ತಿದ್ದ ಸಾಲ್ಟ್ಸ್ ಮಿಲ್ ಎಂಬ ಹಳೆಯ ಉಣ್ಣೆಯ ಗಿರಣಿಯನ್ನು 1987ರಲ್ಲಿ ಕೊಂಡು, ಅದರೊಳಗೆ ಹಾಕ್ನಿಯ ಕೃತಿಗಳಿಗಾಗಿ ಚಿತ್ರಶಾಲೆಯನ್ನು ತೆರೆದ ಸಾಹಸಿ ಆತ. 1997ರಲ್ಲಿ ಅವನು ಅರ್ಬುದರೋಗದಿಂದ ಹಾಸಿಗೆ ಹಿಡಿದಿದ್ದನು. ಹಾಕ್ನಿ ಆ ಬೇಸಗೆಯನ್ನು ತನ್ನ ತಾಯಿಯಿದ್ದ ಬ್ರಿಡ್ಲಿಂಗ್ಟನ್ ಎಂಬ ಕಡಲತಡಿಯ ಊರಿನಲ್ಲಿ ಕಳೆಯುತ್ತ, ಗೆಳೆಯನನ್ನು ಕಾಣಲು ವೋಲ್ಡ್ಸ್‌ನ ಮೂಲಕ ಮತ್ತೆ ಮತ್ತೆ ಪಯಣಿಸಿದನು. ಯಾರ್ಕ್‌ಷೈರನ್ನು ಚಿತ್ರಿಸಬೇಕೆಂಬುದು ಗೆಳೆಯನ ಬಯಕೆ. ಸಾಯುತ್ತಿರುವವನ ಬಳಿಗೆ ಹೋಗುವ ದಾರಿ ಅದು. ಎರಡು ಬದಿಯಲ್ಲಿಯಾದರೋ ತೆನೆಗಳು ದಿನದಿನಕ್ಕೆ ಹೊನ್ನಾಗುತ್ತಿದ್ದವು. ಆಗ ಮೂಡಿದ ತೈಲಚಿತ್ರಗಳಲ್ಲಿ ಶೋಕದ ಕಪ್ಪು ಛಾಯೆಯಿಲ್ಲ. ಕೆಂಪು, ಹಳದಿ, ಹಸುರುಗಳು ಉತ್ಸವಕ್ಕೆ ನೆರೆದಂತೆ ನೆರೆದಿವೆ. ಸಿಲ್ವರ್ ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೀರಿಕೊಂಡನು. ಮರುವರ್ಷ ಹಾಕ್ನಿ ಲಾಸ್ ಏಂಜಲಿಸ್‌ನಲ್ಲಿ ಕುಳಿತು ನೆನಪಿನಿಂದಲೇ ‘ಗ್ಯಾರೋಬಿ ಹಿಲ್’ ಚಿತ್ರವನ್ನು ಬರೆದನು. ಗುಡ್ಡದ ನೆತ್ತಿಯಿಂದ ದಾರಿ ಬಳುಕುತ್ತ ಕೆಳಗಿಳಿದು ವಿಶಾಲವಾದ ಬಯಲನ್ನು ಸೇರುವ ಆ ನೋಟ, ಕಣ್ಣಿಟ್ಟವನನ್ನು ತನ್ನೊಡನೆ ಕೆಳಕ್ಕೆ ಸೆಳೆದೊಯ್ಯುತ್ತದೆ.

ಅರುವತ್ತೈದು ದಾಟಿದ ಮೇಲೆ ಹಾಕ್ನಿ ಬ್ರಿಡ್ಲಿಂಗ್ಟನ್ನಿಗೆ ಬಂದು ನೆಲೆಸಿದನು. ಮಳೆಯಿರಲಿ, ಚಳಿಯಿರಲಿ, ದಾರಿಯ ಬದಿಯಲ್ಲಿಯೇ ಚಿತ್ರಫಲಕವನ್ನು ನಿಲ್ಲಿಸಿ ಬರೆಯತೊಡಗಿದನು. ಕ್ಯಾಲಿಫೋರ್ನಿಯದಲ್ಲಿ ಕಾಣದ ಋತುಗಳ ತಿರುಗಣಿ ಇಲ್ಲಿ ಅವನ ಕಣ್ಣಮುಂದೆಯೇ ಉರುಳುತ್ತಿತ್ತು. ಎಲೆಯುದುರಿದ ಮರವನ್ನು ನಾವು ಬೋಳುಮರವೆಂದು ಕರೆದು ಸುಮ್ಮನಾಗುತ್ತೇವೆ. ಮರದ ನಿಜವಾದ ಅಂಗವಿನ್ಯಾಸ ಕಾಣುವುದು ಆಗಲೇ ಎಂಬುದನ್ನು ಆತ ಕಂಡುಕೊಂಡನು.

2007ರ ಚಳಿಗಾಲದ ಕೊನೆಯಲ್ಲಿ ವಾರ್ಟರ್ ಎಂಬ ಹಳ್ಳಿಯ ಬಳಿ ಅವನು ಕೈಗೊಂಡ ಕಾರ್ಯ ಸಾಮಾನ್ಯವಾದುದಲ್ಲ. ಹದಿನೈದು ಅಡಿ ಎತ್ತರ, ನಲವತ್ತು ಅಡಿ ಅಗಲದ ಒಂದೇ ಚಿತ್ರ! ಅಷ್ಟು ದೊಡ್ಡ ಬಟ್ಟೆಯನ್ನು ಬಯಲಿಗೆ ಒಯ್ಯುವುದೆಂತು? ಆದುದರಿಂದ ಐವತ್ತು ಸಣ್ಣ ಕ್ಯಾನ್‌ವಾಸುಗಳನ್ನು ಬಿಡಿಬಿಡಿಯಾಗಿ ಬರೆದು ಜೋಡಿಸಬೇಕಾಯಿತು. ಎಲ್ಲವನ್ನೂ ಒಟ್ಟಿಗೆ ತೂಗುಹಾಕಿ ನೋಡುವಷ್ಟು ಎಡೆ ಅವನ ಮನೆಯಲ್ಲಿರಲಿಲ್ಲ. ಬಿಡಿ ಭಾಗಗಳ ಛಾಯಾಚಿತ್ರಗಳನ್ನು ಗಣಕಯಂತ್ರದಲ್ಲಿ ಕೂಡಿಸಿ ಇಡಿಯ ರೂಪವನ್ನು ಕಾಣುತ್ತಿದ್ದನು. ಇದರ ಮೇಲೆ ಕಾಲದ ಒತ್ತಾಯ ಬೇರೆ. ಚಿಗುರು ಒಡೆದರೆ ಕೊಂಬೆಗಳ ಜಾಲ ಮರೆಯಾಗಿಬಿಡುವುದು! ವಸಂತದೊಡನೆ ಪಂದ್ಯ ಕಟ್ಟಿದವನಂತೆ ದುಡಿದು ಆತ ಚಿತ್ರವನ್ನು ಮುಗಿಸಿದನು. ನಡುವೆ ಭವ್ಯವಾದ ಸಿಕಮೋರ್ ಮರ. ಬುಡದಲ್ಲಿ ಡ್ಯಾಫೊಡಿಲ್ ಹೂಗಳು. ಮೇಲೆ ಆಕಾಶವನ್ನೆಲ್ಲ ತುಂಬಿದ ರೆಂಬೆಗಳು. ಅದೇ ವರ್ಷ ಲಂಡನ್ನಿನ ರಾಯಲ್ ಅಕಾಡೆಮಿಯ ಗೋಡೆಯೊಂದನ್ನು ಅದು ಆವರಿಸಿತು. 2008ರಲ್ಲಿ ಹಾಕ್ನಿ ಆ ಚಿತ್ರವನ್ನು ಟೇಟ್ ಕಲಾಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟುಬಿಟ್ಟನು.

ಆ ಸೀಮೆಯ ಮರಗಳೆಲ್ಲ ಕೊಡಲಿಯಿಂದ ಉಳಿಯಲಿಲ್ಲ. ಕಡಿದ ಮರಗಳನ್ನು ಕಂಡ ಹಾಕ್ನಿ ಕುಂಚವನ್ನು ಮಡಿಸಿಡಲಿಲ್ಲ. 2009ರ ‘ವಿಂಟರ್ ಟಿಂಬರ್’ ಎಂಬ ತೈಲಚಿತ್ರದಲ್ಲಿ ದಿಮ್ಮಿಗಳು ಕಿತ್ತಳೆಯ ಬಣ್ಣದಲ್ಲಿ ಉರಿಯುತ್ತ ಸಾಲಾಗಿ ಮಲಗಿವೆ. ಮುಂದೆ ನೇರಳೆ ಬಣ್ಣದ ಮೋಟುಮರವೊಂದು ಕಾವಲುಗಾರನಂತೆ ನಿಂತಿದೆ. ಇನ್ನೂ ಉಳಿದಿರುವ ನೀಲಿಯ ಮರಗಳ ಕಡೆಗೆ ದಾರಿ ಸಾಗಿದೆ.